ಮರಕ್ಕೆ ಮೆಟ್ಟಿಲು, ಹೆಗಲಿಗೆ ಹೊರೆ

ಅಮೆರಿಕದಲ್ಲಿ ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರಲ್ಲಿ ಬಹಳ ಮಂದಿ ಮರದ ಮೇಲೆ ಕೂತು ಕಾಯುತ್ತಾರೆ. ಆಧುನಿಕ ಕಾಂಪೌಂಡ್ ಬಿಲ್ಲಿದ್ದರೂ ಬಾಣ ಬಿಡುವುದು ಸಾಮಾನ್ಯವಾಗಿ 20ರಿಂದ 30 ಗಜದ ಅಂತರದಿಂದ. ಜಿಂಕೆ ಅಷ್ಟು ಹತ್ತಿರ ಬಂದಾಗ ನೆಲದ ಮೇಲೆ ಕೂತ ಮನುಷ್ಯನ ಚಿಕ್ಕ ಅಲುಗಾಟವೂ ಅದರ ಕಣ್ಣಿಗೆ ಬೀಳುತ್ತದೆ. 15ರಿಂದ 20 ಅಡಿ ಮೇಲಿದ್ದರೆ ಅದರ ನೇರ ನೋಟದಿಂದ ತಪ್ಪಿಸಿಕೊಳ್ಳಬಹುದು, ಸುತ್ತಲಿನ ಕಾಡೂ ಚೆನ್ನಾಗಿ ಕಾಣುತ್ತದೆ. ಆದರೆ ಎತ್ತರವೊಂದೇ ಸಾಲದು. ಗಾಳಿ ದಿಕ್ಕು ಬದಲಿಸಿದರೆ ಮನುಷ್ಯನ ವಾಸನೆ ಜಿಂಕೆ ಬರುವ ಹಾದಿಗೇ ಬೀಸುತ್ತದೆ. ಓಕ್ ಮರಗಳ ಕಾಯಿ ಒಂದು ಕಡೆ ಮುಗಿದರೆ ಹಿಂಡು ಇನ್ನೊಂದು ಕಡೆ ಮೇಯಲು ಹೋಗುತ್ತದೆ. ಹೀಗಾಗಿ ಒಂದೇ ಮರಕ್ಕೆ ಇಡೀ ಋತು ಅಟ್ಟಣೆ ಕಟ್ಟಿಡುವ ಬದಲು, ಆಯಾ ದಿನಕ್ಕೆ ತಕ್ಕ ಮರ ಹುಡುಕಿ, ಹತ್ತಿ, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಬರುವ ಪದ್ಧತಿ ಬೆಳೆದಿದೆ. ಇದರಲ್ಲಿ ಅಟ್ಟಣೆ, ಮೆಟ್ಟಿಲು, ಸುರಕ್ಷಾ ಹಗ್ಗ, ಬಿಲ್ಲು ಎಲ್ಲವೂ ಬೆನ್ನ ಮೇಲೆಯೇ ಹೋಗಬೇಕು. ಆ ಹೊರೆಯಲ್ಲಿ ಆಯ್ಕೆ ಮಾಡಲು ಹೆಚ್ಚು ತಲೆಕೆಡಿಸುವ ವಸ್ತು ಮೆಟ್ಟಿಲು.

ಮೆಟ್ಟಿಲಿನ ತೂಕವನ್ನಷ್ಟೇ ನೋಡಿ ಕೊಳ್ಳುವುದು ಸರಿಯಾದ ಕ್ರಮವಲ್ಲ. ಯಾವ ಅಟ್ಟಣೆಗೆ, ಎಂಥ ಮರಕ್ಕೆ, ಎಷ್ಟು ಎತ್ತರಕ್ಕೆ, ಯಾವ ಕಾನೂನಿನ ಒಳಗೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಮೊದಲು ಅಟ್ಟಣೆ

ಸಂಚಾರಿ ಅಟ್ಟಣೆಗಳಲ್ಲಿ ಮೂರು ಬಗೆ ಮುಖ್ಯ. ಮೊದಲನೆಯದು ತಾನೇ ಮರ ಹತ್ತುವ ಅಟ್ಟಣೆ. ಇದಕ್ಕೆ ಎರಡು ಭಾಗಗಳಿರುತ್ತವೆ. ಮೇಲಿನ ಭಾಗದ ಮೇಲೆ ಭಾರ ಹಾಕಿ, ಕೆಳಗಿನದನ್ನು ಪಾದಗಳಿಂದ ಎಳೆದುಕೊಳ್ಳುತ್ತಾ ಮೇಲೇರಬೇಕು. ಇದಕ್ಕೆ ಬೇರೆ ಮೆಟ್ಟಿಲು ಬೇಕಿಲ್ಲ. ಆದರೆ ಕೊಂಬೆಯಿಲ್ಲದ, ನೆಟ್ಟನೆಯ ಮರವೇ ಬೇಕು. ತೂಕವೂ ಸಾಮಾನ್ಯವಾಗಿ 8 ಕಿಲೋಗ್ರಾಂ ಮೀರುತ್ತದೆ. ಎರಡನೆಯದು ಕಾಂಡಕ್ಕೆ ನೇತುಹಾಕಿ ಬಿಗಿಯುವ, ಆಸನವೂ ಕಾಲಿಡುವ ಹಲಗೆಯೂ ಇರುವ ಅಟ್ಟಣೆ. ಮೂರನೆಯದು ಸ್ಯಾಡಲ್. ಸೊಂಟ ಮತ್ತು ತೊಡೆಗೆ ಬಟ್ಟೆಯ ಆಸನವನ್ನು ಕಟ್ಟಿಕೊಂಡು, ಕಾಂಡಕ್ಕೆ ಬಿಗಿದ ಹಗ್ಗಕ್ಕೆ ಒರಗಿ, ಒಂದೆರಡು ಕಿಲೋಗ್ರಾಂ ತೂಕದ ಪುಟ್ಟ ವೇದಿಕೆಯ ಮೇಲೆ ಪಾದ ಊರಿ ನಿಲ್ಲುವ ವಿಧಾನ ಇದು. ಕೊನೆಯ ಎರಡು ಬಗೆಗಳಿಗೆ ಮೆಟ್ಟಿಲು ಬೇಕೇಬೇಕು. ನೇತುಹಾಕುವ ಅಟ್ಟಣೆಯೇ ಭಾರವಾಗಿದ್ದರೆ ಮೆಟ್ಟಿಲಿನಲ್ಲಿ ಉಳಿಸಿದ ಅರ್ಧ ಕಿಲೋ ಹೆಗಲಿಗೆ ತಿಳಿಯುವುದಿಲ್ಲ. ಸ್ಯಾಡಲ್ ಕಟ್ಟಿಕೊಂಡವರಿಗೆ ಅದೇ ಅರ್ಧ ಕಿಲೋ ದೊಡ್ಡದು.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲಿ ಆಯಾ ರಾಜ್ಯವೇ ಋತು, ಪರವಾನಗಿ, ಒಬ್ಬರು ಎಷ್ಟು ಪ್ರಾಣಿ ಹೊಡೆಯಬಹುದೆಂಬ ಮಿತಿಗಳನ್ನು ಗೊತ್ತುಪಡಿಸಿ ಅದಕ್ಕೆ ಅವಕಾಶ ಕೊಡುತ್ತದೆ. ಮೆಟ್ಟಿಲಿನ ಬಗ್ಗೆಯೂ ನಿಯಮಗಳಿವೆ. ಸಾರ್ವಜನಿಕ ಅರಣ್ಯದ ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವುದನ್ನು ಅನೇಕ ರಾಜ್ಯಗಳು ತಡೆದಿವೆ. ಮಿಷಿಗನ್ ರಾಜ್ಯದ ಸಾರ್ವಜನಿಕ ಭೂಮಿಯಲ್ಲಿ ಮರಕ್ಕೆ ತಿರುಪುವ ಮೆಟ್ಟಿಲು ಬಳಸುವಂತಿಲ್ಲ. ಕೆಲವೆಡೆ ಅಟ್ಟಣೆಯನ್ನು ರಾತ್ರಿ ಮರದಲ್ಲೇ ಬಿಡುವುದಕ್ಕೂ ಅನುಮತಿ ಇಲ್ಲ. ಹೀಗಾಗಿ ಸಾರ್ವಜನಿಕ ಕಾಡಿನಲ್ಲಿ ಪಟ್ಟಿಯಿಂದಲೋ ಹಗ್ಗದಿಂದಲೋ ಕಟ್ಟಿ ಬಿಚ್ಚುವ ಮೆಟ್ಟಿಲೇ ಗತಿ.

ಮೊಳೆ, ಸ್ಕ್ರೂಗಳನ್ನು ತಡೆಯುವ ನಿಯಮಕ್ಕೆ ಕಾರಣವಿದೆ. ತೊಗಟೆಯನ್ನು ಭೇದಿಸಿದ ಸ್ಕ್ರೂ ಅದರಡಿಯ ಜೀವಂತ ಪದರಕ್ಕೆ ಗಾಯ ಮಾಡುತ್ತದೆ. ಆ ಗಾಯದ ಮೂಲಕ ಶಿಲೀಂಧ್ರ ಒಳಸೇರಿ ಮರ ಕೊಳೆಯಬಹುದು. ಮರೆತುಬಿಟ್ಟ ಲೋಹವನ್ನು ಮರ ಸುತ್ತಲೂ ಬೆಳೆದು ಮುಚ್ಚಿಕೊಳ್ಳುತ್ತದೆ. ವರ್ಷಗಳ ನಂತರ ಅದೇ ಮರ ಸಾಮಿಲ್ಲಿಗೆ ಹೋದಾಗ ಗರಗಸದ ಅಲಗು ಮುರಿಯುತ್ತದೆ, ಕೆಲಸಗಾರರಿಗೂ ಅಪಾಯ.

ಮೆಟ್ಟಿಲಿನ ಬಗೆಗಳು

ತಿರುಪುವ ಮೆಟ್ಟಿಲು ಅಗ್ಗ, ಚಿಕ್ಕದು, ಜೇಬಿಗೂ ಹಿಡಿಸುತ್ತದೆ. ಸ್ವಂತ ಜಮೀನಿನಲ್ಲಿ ಅಥವಾ ಮಾಲೀಕರ ಒಪ್ಪಿಗೆ ಇದ್ದಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಓಕ್, ಹಿಕರಿಯಂಥ ಗಟ್ಟಿ ಮರಕ್ಕೆ, ಅದರಲ್ಲೂ ಚಳಿಗೆ ಹೆಪ್ಪುಗಟ್ಟಿದ ಮರಕ್ಕೆ, ಹತ್ತು ಹನ್ನೆರಡು ಸ್ಕ್ರೂ ತಿರುಪುವಷ್ಟರಲ್ಲಿ ಕೈ ಸೋತುಹೋಗುತ್ತದೆ. ಜಾರಿದರೆ ಕೆಳಗೆ ಚಾಚಿಕೊಂಡಿರುವ ಉಕ್ಕಿನ ಮೆಟ್ಟಿಲುಗಳೇ ಮೈಗೆ ಚುಚ್ಚುವ ಅಪಾಯವೂ ಇದೆ.

ಹಗ್ಗ ಅಥವಾ ಪಟ್ಟಿಯಿಂದ ಕಟ್ಟುವ ಬಿಡಿ ಮೆಟ್ಟಿಲು ಎರಡನೆಯ ಬಗೆ. ಒಂದೊಂದಕ್ಕೂ ಒಂದು ಪಾದ ಊರುವ ಜಾಗ, ಕಾಂಡಕ್ಕೆ ತಾಗುವ ಒಂದು ಆಸರೆ, ಸುತ್ತಿ ಬಿಗಿಯಲು ಒಂದು ಹಗ್ಗ ಇರುತ್ತದೆ. ಪಾದದ ಭಾರ ಮೆಟ್ಟಿಲನ್ನು ಕೆಳಕ್ಕೂ ಹೊರಕ್ಕೂ ಎಳೆಯುತ್ತದೆ. ಮೇಲ್ಭಾಗ ಹೊರಬರದಂತೆ ಹಗ್ಗ ತಡೆಯುತ್ತದೆ, ಕೆಳಭಾಗ ಕಾಂಡಕ್ಕೆ ಒತ್ತಿಕೊಳ್ಳುತ್ತದೆ. ತೆಂಗಿನ ಮರ ಹತ್ತುವವರ ಕಾಲಿನ ತಳೆಯಂತೆ ಇಲ್ಲಿಯೂ ಮೈಭಾರವೇ ಹಿಡಿತವನ್ನು ಹೆಚ್ಚಿಸುತ್ತದೆ. ಸೊಟ್ಟ ಮರ, ಕೊಂಬೆಗಳಿರುವ ಮರಗಳಿಗೆ ಇವು ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಪ್ರತಿಯೊಂದನ್ನೂ ಬೇಕಾದ ಕಡೆ, ಬೇಕಾದ ಕೋನದಲ್ಲಿ ಕಟ್ಟಬಹುದು. ಕೊರತೆಯೆಂದರೆ ಸಮಯ: ಒಂದೊಂದು ಹೆಜ್ಜೆಗೂ ಒಂದೊಂದು ಕಟ್ಟು.

ಮೂರನೆಯದು ಈಗ ಹೆಚ್ಚು ಬಳಕೆಯಲ್ಲಿರುವ ಕ್ಲೈಂಬಿಂಗ್ ಸ್ಟಿಕ್. ಅರ್ಧ ಮೀಟರ್‌ನಿಂದ ಮುಕ್ಕಾಲು ಮೀಟರ್‌ವರೆಗಿನ ಒಂದು ಕೋಲು, ಅದರ ಮೇಲೊಂದು ಕೆಳಗೊಂದು ಮೆಟ್ಟು, ಕಾಂಡಕ್ಕೆ ಕಚ್ಚಿಕೊಳ್ಳಲು ಇಂಗ್ಲಿಷಿನ ವಿ ಆಕಾರದ ಎರಡು ಆಸರೆಗಳು. ಉದ್ದದ ಕೋಲಿಗೆ ನಡುವೆ ಇನ್ನೊಂದು ಮೆಟ್ಟೂ ಇರುತ್ತದೆ. ಮೂರು ಅಥವಾ ನಾಲ್ಕು ಕೋಲುಗಳ ಕಟ್ಟನ್ನು ಒಂದರೊಳಗೊಂದು ಜೋಡಿಸಿ ಹೊರುತ್ತಾರೆ. ಹೆಚ್ಚಿನವು ಅಲ್ಯೂಮಿನಿಯಂ, ದುಬಾರಿಯವು ಕಾರ್ಬನ್ ಫೈಬರ್ ಅಥವಾ ಟೈಟಾನಿಯಂ. ಒಂದು ಕಟ್ಟಿಗೆ ಎರಡು ಹೆಜ್ಜೆ ಸಿಗುವುದರಿಂದ ಹತ್ತುವ ಕೆಲಸ ಬೇಗ ಮುಗಿಯುತ್ತದೆ.

ನಾಲ್ಕನೆಯದು ಒಂದೇ ಕೋಲಿನ ವಿಧಾನ. ಕೋಲನ್ನು ಕಟ್ಟಿ ಹತ್ತಿ, ಮೇಲೆ ಬಿಗಿದ ಹಗ್ಗಕ್ಕೆ ಸ್ಯಾಡಲ್ಲಿನಲ್ಲಿ ಜೋತು, ಕೋಲನ್ನು ಬಿಚ್ಚಿ ಇನ್ನೂ ಮೇಲೆ ಕಟ್ಟಿ ಮತ್ತೆ ಹತ್ತುವುದು. ಇಳಿಯುವುದು ಹಗ್ಗದ ಮೇಲೆ ಜಾರುತ್ತಾ. ಹೊರೆ ತೀರಾ ಕಡಿಮೆ. ಕೋಲಿನ ಸಂಖ್ಯೆ ಎತ್ತರಕ್ಕೆ ಮಿತಿ ಹಾಕುವುದಿಲ್ಲ. ಆದರೆ ಅಲುಗಾಟ ಹೆಚ್ಚು, ಹಗ್ಗದ ಕೆಲಸದಲ್ಲಿ ಪಳಗಿರಬೇಕು. ಮರ ಕಡಿಯುವವರು ಕಾಲಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳು ಬೇಟೆಗಾರರಿಗೆ ತಕ್ಕುದಲ್ಲ. ಅದು ಹೆಜ್ಜೆಹೆಜ್ಜೆಗೂ ತೊಗಟೆಗೆ ಗಾಯ ಮಾಡುತ್ತದೆ.

ಎತ್ತರದ ಲೆಕ್ಕ

ಕೊಳ್ಳುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು. ಎರಡು ಮೆಟ್ಟುಗಳ ನಡುವೆ 50 ಸೆಂಟಿಮೀಟರ್ ಇರುವ ನಾಲ್ಕು ಕೋಲುಗಳಿವೆ, ನೆಲದಿಂದ ಮೊದಲ ಮೆಟ್ಟಿಗೂ ಕೋಲಿನಿಂದ ಕೋಲಿಗೂ 45 ಸೆಂಟಿಮೀಟರ್ ಅಂತರ ಬಿಡಲಾಗಿದೆ ಎಂದುಕೊಳ್ಳೋಣ. ಕೊನೆಯ ಮೆಟ್ಟು 380 ಸೆಂಟಿಮೀಟರ್, ಅಂದರೆ ಸುಮಾರು 12 ಅಡಿ ಎತ್ತರದಲ್ಲಿ ಬರುತ್ತದೆ. 18 ಅಡಿ ಬೇಕಾದರೆ ಇದು ಸಾಲದು. ಆಗ ಕೋಲಿನ ಕೆಳಗೆ ಹಗ್ಗದ ಅಥವಾ ಪಟ್ಟಿಯ ಕುಣಿಕೆ ನೇತುಹಾಕುತ್ತಾರೆ. ಇದಕ್ಕೆ ಏಯ್ಡರ್ ಎಂದು ಹೆಸರು. ಪ್ರತಿ ಕೋಲಿಗೂ ಒಂದು ಕುಣಿಕೆ ಸೇರಿಸಿ ಅಂತರವನ್ನು 90 ಸೆಂಟಿಮೀಟರಿಗೆ ಏರಿಸಿದರೆ ಅದೇ ನಾಲ್ಕು ಕೋಲುಗಳಿಂದ 560 ಸೆಂಟಿಮೀಟರ್, ಸುಮಾರು 18 ಅಡಿ ಏರಬಹುದು. ಬಿಡಿ ಮೆಟ್ಟಿಲಾದರೆ 45 ಸೆಂಟಿಮೀಟರಿಗೆ ಒಂದರಂತೆ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಹನ್ನೆರಡು ಬೇಕು. ಒಂದೊಂದು 400 ಗ್ರಾಂ ಇದ್ದರೆ ಒಟ್ಟು 4.8 ಕಿಲೋಗ್ರಾಂ. 900 ಗ್ರಾಂ ತೂಗುವ ನಾಲ್ಕು ಕೋಲುಗಳಾದರೆ 3.6 ಕಿಲೋಗ್ರಾಂ. ಬಿಡಿಯಾಗಿ ಹಗುರವೆನಿಸಿದ್ದು ಒಟ್ಟಾರೆ ಭಾರವಾಗುವುದು ಹೀಗೆ.

ಏಯ್ಡರ್ ತೂಕ ಉಳಿಸುತ್ತದೆ, ಆದರೆ ಸ್ಥಿರತೆಯನ್ನು ಕಡಿಮೆ ಮಾಡುತ್ತದೆ. ಕುಣಿಕೆಯಲ್ಲಿಟ್ಟ ಪಾದ ಕಾಂಡದ ಕಡೆಗೆ ತೂಗಿಹೋಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಕೋಲು ಸರಿಯಾಗಿ ಬಿಗಿಯದಿದ್ದರೆ ಪಕ್ಕಕ್ಕೆ ತಿರುಗಲೂಬಹುದು. ಇಳಿಯುವಾಗ ಕತ್ತಲಲ್ಲಿ ಪಾದಕ್ಕೆ ಕುಣಿಕೆ ಸಿಗುವುದೇ ಕಷ್ಟ. ಬಾಯಿ ಮುಚ್ಚಿಕೊಳ್ಳದಂತೆ ಗಡುಸು ಪಟ್ಟಿಯಿಂದ ಮಾಡಿದ ಕುಣಿಕೆ ಸ್ವಲ್ಪ ವಾಸಿ. ಮೊಣಕಾಲು ನೋವಿರುವವರು, ದಪ್ಪ ಚಳಿ ಬಟ್ಟೆ ತೊಟ್ಟವರು ಒಂದು ಕೋಲು ಹೆಚ್ಚು ಹೊತ್ತು ಅಂತರವನ್ನು ಕಡಿಮೆ ಇಟ್ಟುಕೊಳ್ಳುವುದೇ ಲೇಸು. ನೆಲದ ಮೇಲೆ ಸುಲಭವಾಗಿ ಎತ್ತುವ ಕಾಲು, ಮರದ ಮೇಲೆ ಬೂಟು, ಬೆನ್ನಿನ ಹೊರೆಗಳ ಜೊತೆ ಅಷ್ಟು ಎತ್ತರಕ್ಕೆ ಏಳುವುದಿಲ್ಲ.

ಮರ ಮತ್ತು ಹಿಡಿತ

ಪಟ್ಟಿಯ ಉದ್ದ ಮರದ ಸುತ್ತಳತೆಗೆ ಸಾಕಾಗಬೇಕು. 20 ಸೆಂಟಿಮೀಟರ್ ವ್ಯಾಸದ ಮರದ ಸುತ್ತಳತೆ ಸುಮಾರು 63 ಸೆಂಟಿಮೀಟರ್, 45 ಸೆಂಟಿಮೀಟರ್ ವ್ಯಾಸದ್ದು ಸುಮಾರು 141. ಬಿಗಿಯಲು ಬೇಕಾದ ಬಾಲವನ್ನೂ ಸೇರಿಸಿ ಉದ್ದ ನೋಡಬೇಕು. ತೊಗಟೆಯೂ ಮುಖ್ಯ. ಬೀಚ್ ಮರದ ನುಣುಪು ಕಾಂಡ ಮಳೆಯಲ್ಲಿ ಜಾರುತ್ತದೆ. ಶಾಗ್‌ಬಾರ್ಕ್ ಹಿಕರಿಯ ತೊಗಟೆ ಹಲಗೆ ಹಲಗೆಯಾಗಿ ಎದ್ದಿರುವುದರಿಂದ ಮೆಟ್ಟಿಲು ಗಟ್ಟಿ ಮರಕ್ಕೆ ತಾಗದೆ ಸಡಿಲ ತೊಗಟೆಯ ಮೇಲೇ ನಿಲ್ಲಬಹುದು. ಒಣಗಿದ ಮರವನ್ನು ಹತ್ತಲೇಬಾರದು. 2002ರಲ್ಲಿ ಮಿಷಿಗನ್ನಿನ ಡೆಟ್ರಾಯಿಟ್ ಬಳಿ ಪತ್ತೆಯಾದ, ಏಷ್ಯಾ ಮೂಲದ ಹಸಿರು ಜೀರುಂಡೆಯೊಂದು ಅಮೆರಿಕದಲ್ಲಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿದೆ. ನಿಂತೇ ಒಣಗಿದ ಆ ಮರಗಳು ಬೇಗ ಪೆಡಸಾಗಿ ಮುರಿಯುವುದರಿಂದ ವಿಶೇಷ ಎಚ್ಚರ ಬೇಕು.

ಬಿಗಿಯುವ ಸಾಧನದಲ್ಲೂ ಆಯ್ಕೆಯಿದೆ. ಬಕಲ್ ಇರುವ ಪಟ್ಟಿ ಕಲಿಯಲು ಸುಲಭ, ಆದರೆ ಲೋಹದ ಬಕಲ್ ಕೋಲಿಗೆ ಬಡಿದರೆ ಶಬ್ದವಾಗುತ್ತದೆ. ಡೈನೀಮಾ ಎಂಬ ನಾರಿನ ಹಗ್ಗ ಹಗುರ, ಬಲವಾದದ್ದು, ಹಿಗ್ಗುವುದಿಲ್ಲ. ಆದರೆ ಅದು ನುಣುಪಾದ್ದರಿಂದ ಸಾಮಾನ್ಯ ಗಂಟು ಜಾರಬಹುದು. ತಯಾರಕರು ಹೇಳಿದ ಕ್ರಮದಲ್ಲೇ ಕಟ್ಟಬೇಕು. ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ಯಾವುದನ್ನೇ ಕಟ್ಟಿದರೂ ಬಿಗಿದ ಮೇಲೆ ಕೋಲನ್ನು ಕೆಳಕ್ಕೆ ಜೋರಾಗಿ ಎಳೆದು ಕೂರಿಸಿ, ನಂತರವೇ ಪಾದ ಇಡಬೇಕು.

ಮೆಟ್ಟಿನ ಅಗಲ, ಕಾಂಡದಿಂದ ಅದಕ್ಕಿರುವ ಅಂತರ ಇವೆರಡನ್ನೂ ಚಳಿಗಾಲದ ಬೂಟು ತೊಟ್ಟೇ ಪರೀಕ್ಷಿಸಬೇಕು. ಬೆರಳ ತುದಿಯಷ್ಟೇ ಹಿಡಿಸುವ ಮೆಟ್ಟು ತೂಕದಲ್ಲಿ ಲಾಭವಾದರೂ, ಕಟ್ಟುತ್ತಾ ನಿಂತಾಗ ಪಾದ ನೋಯಿಸುತ್ತದೆ. ಶಬ್ದ ತಗ್ಗಿಸಲು ಲೋಹದ ಮೇಲೆ ಬಟ್ಟೆಯ ಟೇಪ್ ಅಥವಾ ರಬ್ಬರ್ ಪಟ್ಟಿ ಸುತ್ತುತ್ತಾರೆ. ಚಳಿಯಲ್ಲಿ ಲೋಹ ಮುಟ್ಟುವ ಕೈಗೂ ಅದರಿಂದ ಹಿತ.

ಹಗ್ಗವಿಲ್ಲದೆ ಮೆಟ್ಟಿಲಿಲ್ಲ

ಅಮೆರಿಕದಲ್ಲಿ ಅಟ್ಟಣೆಯಿಂದ ಬೀಳುವುದು ಜಿಂಕೆ ಬೇಟೆಗಾರರ ಗಂಭೀರ ಗಾಯಗಳಿಗೆ ಮುಖ್ಯ ಕಾರಣಗಳಲ್ಲೊಂದು. ಹತ್ತುವಾಗ, ಇಳಿಯುವಾಗ, ಮೆಟ್ಟಿಲಿನಿಂದ ಅಟ್ಟಣೆಗೆ ದಾಟುವಾಗ ಅಪಾಯ ಹೆಚ್ಚು. ಆದ್ದರಿಂದ ಮೆಟ್ಟಿಲನ್ನು ಹಾರ್ನೆಸ್ಸಿನಿಂದ, ಅಂದರೆ ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಗಳಿಂದ, ಬೇರ್ಪಡಿಸಿ ನೋಡುವಂತಿಲ್ಲ. ಕಾಂಡವನ್ನು ಬಳಸಿ ಸೊಂಟಕ್ಕೆ ಸೇರುವ ಹಗ್ಗ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ, ಆದರೆ ಕಾಲು ಜಾರಿದರೆ ಅದು ಕಾಂಡದ ಉದ್ದಕ್ಕೂ ಕೆಳಗಿಳಿಯಬಹುದು. ಬೀಳುವುದನ್ನು ತಡೆಯಲು ತಲೆಯ ಮಟ್ಟಕ್ಕಿಂತ ಮೇಲೆ ಬಿಗಿದ ಇನ್ನೊಂದು ಹಗ್ಗ ಬೇಕು. ಕೊಂಬೆ ದಾಟುವಾಗ ಒಂದನ್ನು ಬಿಚ್ಚುವ ಮೊದಲು ಮತ್ತೊಂದು ಸಿದ್ಧವಿರಬೇಕು. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ಆಸರೆ ಹಿಡಿದಿರಬೇಕು. ಕೊನೆಯ ಮೆಟ್ಟು ಅಟ್ಟಣೆಗಿಂತ ಸ್ವಲ್ಪ ಮೇಲಿದ್ದು, ಅಲ್ಲಿಂದ ಕೆಳಗೆ ಹೆಜ್ಜೆ ಇಡುವಂತಿದ್ದರೆ ದಾಟುವುದು ಸುರಕ್ಷಿತ. ಬಿಲ್ಲನ್ನು ಹೊತ್ತು ಹತ್ತದೆ, ಮೇಲೆ ಸೇರಿದ ನಂತರ ದಾರದಿಂದ ಎಳೆದುಕೊಳ್ಳುತ್ತಾರೆ.

ಅನೇಕ ಮೆಟ್ಟಿಲು, ಅಟ್ಟಣೆಗಳ ಭಾರಮಿತಿ 300 ಪೌಂಡ್, ಅಂದರೆ 136 ಕಿಲೋಗ್ರಾಂ ಎಂದು ಬರೆದಿರುತ್ತದೆ. ಇದರಲ್ಲಿ ಮೈತೂಕದ ಜೊತೆ ಬಟ್ಟೆ, ಬೂಟು, ಚೀಲ, ಬಿಲ್ಲು ಎಲ್ಲವೂ ಸೇರಬೇಕು. ಭಾರಮಿತಿಯನ್ನೇ ನಮೂದಿಸದ ಮೆಟ್ಟಿಲನ್ನು, ಮನೆಯಲ್ಲೇ ಕೊರೆದು ಬೆಸುಗೆ ಹಾಕಿ ಹಗುರ ಮಾಡಿದ್ದನ್ನು ನಂಬುವಂತಿಲ್ಲ.

ಯಾರಿಗೆ ಯಾವುದು

ನೇತುಹಾಕುವ ಅಟ್ಟಣೆ ಬಳಸುವವರಿಗೆ, ಹೊಸದಾಗಿ ಕಲಿಯುವವರಿಗೆ ಎರಡು ಬದಿಗೂ ಅಗಲವಾದ ಮೆಟ್ಟುಗಳಿರುವ ನಾಲ್ಕು ಅಲ್ಯೂಮಿನಿಯಂ ಕೋಲುಗಳು ಸಾಮಾನ್ಯವಾಗಿ ಸರಿಹೊಂದುತ್ತವೆ. ದೂರ ನಡೆಯುವ ಸ್ಯಾಡಲ್ ಬಳಕೆದಾರರು ಮೂರು ಗಿಡ್ಡ ಕೋಲು, ಒಂದು ಏಯ್ಡರ್ ಸಾಕೆನ್ನಬಹುದು. ಸೊಟ್ಟ, ಕೊಂಬೆ ತುಂಬಿದ ಮರಗಳ ಕಾಡಿಗೆ ಬಿಡಿ ಮೆಟ್ಟಿಲು ಒಳ್ಳೆಯದು. ಒಂದೇ ಕೋಲಿನ ವಿಧಾನ ಹಗ್ಗದಲ್ಲಿ ಪಳಗಿದವರಿಗೆ ಮಾತ್ರ.

ಕೊಂಡ ಮೇಲೆ ಋತು ಆರಂಭವಾಗುವ ಮುನ್ನ ಹಗಲಿನಲ್ಲಿ, ಆಳೆತ್ತರ ಮೀರದಂತೆ, ಪೂರ್ತಿ ಬಟ್ಟೆ ಮತ್ತು ಹೊರೆಯೊಂದಿಗೆ ಹತ್ತಿಳಿದು ಅಭ್ಯಾಸ ಮಾಡಬೇಕು. ಬೇಟೆಯ ದಿನ ಹತ್ತುವುದು ಸೂರ್ಯೋದಯಕ್ಕೆ ಮೊದಲು, ಇಳಿಯುವುದು ಹೆಚ್ಚಾಗಿ ಕತ್ತಲಾದ ಮೇಲೆ. ಪಟ್ಟಿ, ಹಗ್ಗಗಳನ್ನು ಬಿಸಿಲು ಸವೆಸುತ್ತದೆ. ಮರದಲ್ಲೇ ಬಿಟ್ಟರೆ ಅಳಿಲು ಕಡಿಯುತ್ತದೆ. ಪ್ರತಿ ಸಲ ಬಳಸುವ ಮೊದಲು ಹೊಲಿಗೆ, ಅಂಚು, ಬೆಸುಗೆ, ಬೋಲ್ಟುಗಳನ್ನು ನೋಡಬೇಕು. ತಯಾರಕರು ಹೇಳಿದ ಅವಧಿ ಮುಗಿದ ಪಟ್ಟಿ ಚೆನ್ನಾಗಿ ಕಂಡರೂ ಬದಲಿಸಬೇಕು.