ಕೆಳಗಿನಿಂದ ಕುಡಿಯುವ ಗಿಡ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಗಿಡಗಳಿಗೆ ಹಾಕುವಂತಿಲ್ಲ. ತಪ್ಪಿದರೆ 5000 ರೂಪಾಯಿ ದಂಡ. ಆಗ ನಮ್ಮ ತಾರಸಿಯಲ್ಲಿ ನಲವತ್ತು ಕುಂಡಗಳಿದ್ದವು. ಬೋರ್‌ವೆಲ್ ಬತ್ತಿ ತಿಂಗಳಾಗಿತ್ತು. ಅಕ್ಕಚ್ಚು, ಸೊಪ್ಪು ತೊಳೆದ ನೀರು, ಕೊನೆಯ ಬಾರಿ ಬಟ್ಟೆ ಜಾಲಿಸಿದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಕೂಡಿಟ್ಟು ಸಂಜೆ ಮೂರು ಮಹಡಿ ಹತ್ತಿಸುವುದು ನನ್ನ ಪಾಲಿನ ಕೆಲಸವಾಯಿತು.

ನಲ್ಲಿ ತಿರುಗಿಸಿ ಪೈಪು ಹಿಡಿದಾಗ ಕಾಣದ್ದು ನೀರು ಹೊತ್ತಾಗ ಕಾಣುತ್ತದೆ. ಒಣಗಿ ಗಟ್ಟಿಯಾದ ಕೆಂಪು ಮಣ್ಣಿಗೆ ಒಂದು ಚೊಂಬು ನೀರು ಹಾಕಿದರೆ, ಅದು ಮಣ್ಣಿಗೂ ಕುಂಡದ ಗೋಡೆಗೂ ನಡುವೆ ಬಿಟ್ಟ ಸಂದಿನಲ್ಲಿ ಸರ್ರನೆ ಇಳಿದು, ತಳದ ತೂತಿನಿಂದ ಹೊರಬಂದು, ತಾರಸಿಯ ಮೋರಿ ಸೇರುತ್ತಿತ್ತು. ಬೇರಿಗೆ ಸಿಕ್ಕಿದ್ದು ಎಷ್ಟೋ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬದನೆ ಮತ್ತೆ ತಲೆ ಬಾಗಿಸಿಕೊಂಡು ನಿಂತಿರುತ್ತಿತ್ತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ತಳ್ಳಿ ತಂದ ಕಾವೇರಿ ನೀರು ಅದು. ಅಷ್ಟು ದೂರ ಬಂದು ಕೊನೆಯ ಒಂದಡಿಯಲ್ಲಿ ಪೋಲಾಗುವುದನ್ನು ನೋಡಲಾಗದೆ ನಾನು ಸ್ವಯಂ ನೀರುಣಿಸುವ ಕುಂಡಗಳ ಬೆನ್ನು ಹತ್ತಿದೆ.

ಇದರ ಗುಟ್ಟು ಗೊತ್ತಿಲ್ಲದ ಮನೆ ಕನ್ನಡನಾಡಿನಲ್ಲಿ ಇಲ್ಲ. ಹಣತೆಯ ಎಣ್ಣೆ ಕೆಳಗಿರುತ್ತದೆ, ಉರಿ ಮೇಲಿರುತ್ತದೆ. ಬತ್ತಿ ಎಣ್ಣೆಯನ್ನು ಉರಿದಷ್ಟೇ ಮೇಲಕ್ಕೆ ಎಳೆದು ಕೊಡುತ್ತದೆ. ನೂಲಿನ ಎಳೆಗಳ ನಡುವಿನ ಕೂದಲೆಳೆಯಷ್ಟು ಸಂದುಗಳಲ್ಲಿ ದ್ರವ ತಾನಾಗಿ ಏರುತ್ತದೆ. ಶಾಲೆಯ ವಿಜ್ಞಾನ ಪಾಠದಲ್ಲಿ ಇದನ್ನು ಲೋಮನಾಳ ಕ್ರಿಯೆ ಎಂದು ಓದಿದ್ದೇವೆ. ಕುಂಡದ ಅಡಿಯಲ್ಲಿ ನೀರಿನ ತೊಟ್ಟಿ ಇಟ್ಟು, ಅದರಿಂದ ಮಣ್ಣಿಗೆ ಒಂದು ಬತ್ತಿ ಕೊಟ್ಟರೆ ಇಲ್ಲಿಯೂ ಅದೇ ನಡೆಯುತ್ತದೆ. ಮಣ್ಣು ಒಣಗಿದಷ್ಟೂ ನೀರು ಏರುತ್ತದೆ, ತೇವ ಸಾಕಾದರೆ ನಿಲ್ಲುತ್ತದೆ. ಎಷ್ಟು ಬೇಕೆಂದು ಗಿಡ ಹೇಳುತ್ತದೆ, ನಾವಲ್ಲ. ಮನೆಯಲ್ಲಿ ಸಾಯುವ ಗಿಡಗಳಲ್ಲಿ ಅರ್ಧದಷ್ಟಾದರೂ ಬಾಯಾರಿ ಸಾಯುವುದಿಲ್ಲ, ನಮ್ಮ ಅತಿಪ್ರೀತಿಯ ನೀರಿನಲ್ಲಿ ಬೇರು ಕೊಳೆತು ಸಾಯುತ್ತವೆ ಎಂಬುದು ನನ್ನ ಅನುಭವ. ಹಾಗಾಗಿ ಈ ಕುಂಡ ನೀರಿನ ಉಳಿತಾಯದ ಜೊತೆಗೆ ನಮ್ಮ ಕೈಯನ್ನೂ ತುಸು ಹಿಡಿದು ನಿಲ್ಲಿಸುತ್ತದೆ.

ಆಲೋಚನೆ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ ಫಾನ್ ಷೆಂಗ್‌ಚಿ ಎಂಬಾತ ಬರೆದ ಕೃಷಿ ಗ್ರಂಥದಲ್ಲಿ ಇದರ ವಿವರ ಇದೆ: ಗುಂಡಿಯ ನಡುವೆ ಮಣ್ಣಿನ ಗಡಿಗೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು, ನೀರು ತುಂಬಿ, ಸುತ್ತ ನಾಲ್ಕು ಕರಬೂಜದ ಬೀಜ ಊರಿ, ಗಡಿಗೆಯ ಬಾಯಿಗೆ ಹೆಂಚು ಮುಚ್ಚಬೇಕು. ಆ ಹೆಂಚಿನ ಮಾತು ನನಗೆ ತುಂಬ ಇಷ್ಟ. ನೀರು ಆವಿಯಾಗಬಾರದು ಎಂಬ ಕಾಳಜಿಯನ್ನು ಆತ ಅಷ್ಟು ಚಿಕ್ಕದಾಗಿ ಹೇಳಿ ಮುಗಿಸಿದ್ದಾನೆ. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯಲ್ಲಿ ಆರ್.ಸಿ. ಮಂಡಲ್ ಇದೇ ಮಡಕೆ ನೀರಾವರಿಯನ್ನು ಪ್ರಯೋಗಕ್ಕೆ ಒಡ್ಡಿದರು. ಪ್ಲಾಸ್ಟಿಕ್ ಪೆಟ್ಟಿಗೆಯ ರೂಪ ಬಂದದ್ದು ಇತ್ತೀಚೆಗೆ. ಅಮೆರಿಕದ ಫ್ಲೋರಿಡಾದಲ್ಲಿ ಟೊಮೆಟೊ ಬೆಳೆಯುತ್ತಿದ್ದ ಬ್ಲೇಕ್ ವಿಸೆನಂಟ್ ರೂಪಿಸಿದ ‘ಅರ್ಥ್‌ಬಾಕ್ಸ್’ ಅದರಲ್ಲಿ ಹೆಸರುವಾಸಿ. ಈಗ ನರ್ಸರಿಗಳಲ್ಲೂ ಬಣ್ಣಬಣ್ಣದ ಸಿದ್ಧ ಕುಂಡಗಳು ಸಿಗುತ್ತವೆ. ಮೇಜಿನ ಮೇಲಿನ ಮನಿಪ್ಲಾಂಟಿಗೆ ಅವು ಸರಿ. ತರಕಾರಿ ಬೆಳೆಯುವವರಿಗೆ ಅವುಗಳ ತೊಟ್ಟಿ ತೀರಾ ಚಿಕ್ಕದು, ಬೆಲೆ ದೊಡ್ಡದು. ನಾವೇ ಮಾಡಿಕೊಳ್ಳುವುದು ಒಳ್ಳೆಯದು.

ಎರಡು 20 ಲೀಟರಿನ ಬಕೆಟ್ ಸಾಕು. ಪೇಂಟಿನ ಖಾಲಿ ಬಕೆಟ್ ಎಲ್ಲೆಡೆ ಸಿಗುತ್ತದೆ, ಆದರೆ ತಿನ್ನುವ ಬೆಳೆಗೆ ನಾನು ಅದನ್ನು ಬಳಸುವುದಿಲ್ಲ. ಅಡುಗೆ ಗುತ್ತಿಗೆಯವರಲ್ಲಿ, ಬೇಕರಿಗಳಲ್ಲಿ ಮೊಸರು, ಉಪ್ಪಿನಕಾಯಿ, ಎಣ್ಣೆ ಬಂದ ಬಕೆಟ್‌ಗಳನ್ನು ಕೇಳಿದರೆ ಕೊಡುತ್ತಾರೆ. ತಳದಲ್ಲಿ ತ್ರಿಕೋನದ ಒಳಗೆ 2 ಅಥವಾ 5 ಎಂದು ಇದ್ದರೆ ನಿಶ್ಚಿಂತೆ. ಬೆಳಕು ತೂರದ ಬಣ್ಣದ್ದಿರಬೇಕು. ಪಾರದರ್ಶಕ ನೀರಿನ ಕ್ಯಾನಿನಲ್ಲಿ ಹದಿನೈದು ದಿನಕ್ಕೆ ಪಾಚಿ ಕಟ್ಟುತ್ತದೆ.

ಒಂದರೊಳಗೆ ಇನ್ನೊಂದು ಬಕೆಟ್ ಇಳಿಸಿ, ನಡುವೆ ಸುಮಾರು ಏಳು ಸೆಂಟಿಮೀಟರ್ ಜಾಗ ಉಳಿಯುವಂತೆ ಅಡಿಯಲ್ಲಿ ಎರಡು ಮೂರು ಪೈಪಿನ ತುಂಡು ನಿಲ್ಲಿಸಿ. ಸುಮಾರು 4 ಲೀಟರ್ ಹಿಡಿಯುವ ಆ ಜಾಗವೇ ತೊಟ್ಟಿ. ಒಳ ಬಕೆಟ್ಟಿನ ತಳದ ನಡುವೆ ಮೊಸರಿನ ಕಪ್ ಇಳಿಯುವಷ್ಟು ತೂತು ಕೊರೆದು, ಮೈತುಂಬ ತೂತು ಮಾಡಿದ ಕಪ್ಪನ್ನು ಅದರಲ್ಲಿ ಕೂರಿಸಿ. ಅದರ ಬುಡ ನೀರಿನಲ್ಲಿ ಮುಳುಗಿರಬೇಕು. ಅದರಲ್ಲಿ ಒತ್ತಿ ತುಂಬುವ, ಗಿಡ ನೆಡುವ ಮಿಶ್ರಣವೇ ಇಲ್ಲಿ ಬತ್ತಿ. ತಳದ ಉಳಿದ ಭಾಗದಲ್ಲಿ ಕಾದ ಮೊಳೆಯಿಂದ ಇಪ್ಪತ್ತು ಸಣ್ಣ ತೂತು ಮಾಡಿ, ಬೇರಿಗೆ ಗಾಳಿ ಬೇಕು. ಅಂಚಿನಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಒಂದನ್ನು ಹೊರ ಬಕೆಟ್ಟಿನ ತಳದವರೆಗೆ ಇಳಿಸಬೇಕು, ನೀರು ತುಂಬುವುದು ಅದರ ಬಾಯಿಂದ. ಪೈಪಿನ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದರೆ ತಳಕ್ಕೆ ಅಂಟಿಕೊಂಡು ನೀರು ಇಳಿಯುವುದಿಲ್ಲ.

ಕೊನೆಗೆ ಹೊರ ಬಕೆಟ್ಟಿನ ಪಕ್ಕದಲ್ಲಿ, ಒಳ ಬಕೆಟ್ಟಿನ ತಳಕ್ಕಿಂತ ಒಂದು ಬೆರಳು ಕೆಳಗೆ, ಒಂದು ತೂತು. ಹೆಚ್ಚಾದ ನೀರು ಅಲ್ಲಿಂದ ಹೊರಗೆ ಹೋಗುತ್ತದೆ, ನೀರಿಗೂ ಮಣ್ಣಿಗೂ ನಡುವೆ ಗಾಳಿಯ ಪದರ ಉಳಿಯುತ್ತದೆ. ನನ್ನ ಮೊದಲ ಬಕೆಟ್ಟಿನಲ್ಲಿ ಈ ತೂತನ್ನು ಕೊರೆದಿರಲಿಲ್ಲ. ಮೇ ತಿಂಗಳ ಒಂದೇ ರಾತ್ರಿಯ ಮಳೆಗೆ ಬಕೆಟ್ ಕಂಠಮಟ್ಟ ತುಂಬಿತು. ನಾಲ್ಕು ದಿನದಲ್ಲಿ ಹೂವಿಗೆ ಬಂದ ಟೊಮೆಟೊ ಗಿಡ ಹಳದಿಯಾಗಿ ಹೋಯಿತು. ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ ವಾಸನೆ ಬರುತ್ತಿತ್ತು. ಈಗ ಯಾರಿಗೆ ಹೇಳಿಕೊಟ್ಟರೂ ಮೊದಲು ಆ ತೂತನ್ನೇ ಕೊರೆಸುತ್ತೇನೆ.

ಬತ್ತಿಗೆ ಹಗ್ಗ ಬಳಸುವವರೂ ಇದ್ದಾರೆ. ಚಿಕ್ಕ ಕುಂಡಕ್ಕೆ ಅದು ಸಾಕು. ದೇವರ ದೀಪದ ಹತ್ತಿಬತ್ತಿ, ಸೆಣಬಿನ ದಾರ ನೆನೆದು ನೆನೆದು ಕೊಳೆಯುತ್ತವೆ; ಹಳೆಯ ಪಾಲಿಯೆಸ್ಟರ್ ಬಟ್ಟೆಯ ಪಟ್ಟಿ ಬಾಳಿಕೆ ಬರುತ್ತದೆ. ಮಕ್ಕಳಿಗೆ ತೋರಿಸಬೇಕಾದರೆ ತಂಪು ಪಾನೀಯದ ಬಾಟಲಿಯನ್ನು ನಡುವೆ ಕತ್ತರಿಸಿ, ಮೇಲ್ಭಾಗವನ್ನು ತಲೆಕೆಳಗಾಗಿ ಕೂರಿಸಿ, ಮುಚ್ಚಳದ ತೂತಿನಿಂದ ಬಟ್ಟೆಯ ಪಟ್ಟಿ ಇಳಿಬಿಡಿ. ಒಂದು ಹಿಡಿ ಮೆಂತ್ಯ ಬಿತ್ತಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮಣ್ಣಿನಲ್ಲಿ. ಹೊಲದ ಕೆಂಪು ಮಣ್ಣನ್ನೋ ಎರೆ ಮಣ್ಣನ್ನೋ ತುಂಬಿದರೆ ಕೆಳಗೆ ಕೆಸರು, ಮೇಲೆ ಇಟ್ಟಿಗೆ. ಬರೀ ಮರಳಾದರೆ ನೀರು ನಾಲ್ಕು ಬೆರಳು ಏರಿ ನಿಲ್ಲುತ್ತದೆ. ಇಲ್ಲಿ ನಮ್ಮ ಕೈ ಹಿಡಿಯುವುದು ತೆಂಗು. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ನಾರು ಬಿಡಿಸಿದ ಮೇಲೆ ಗುಡ್ಡೆ ಬೀಳುವ ಪುಡಿಯೇ ಕೊಕೊಪೀಟ್. ತನ್ನ ತೂಕದ ಹಲವು ಪಟ್ಟು ನೀರು ಹಿಡಿದೂ ಉಸಿರಾಡಲು ಜಾಗ ಬಿಡುವ ವಸ್ತು ಇಷ್ಟು ಅಗ್ಗವಾಗಿ ಬೇರೆ ಸಿಗದು. ಇಟ್ಟಿಗೆಯ ರೂಪದಲ್ಲಿ ತಂದದ್ದನ್ನು ನೆನೆಸಿ, ಹಿಂಡಿ, ಎರಡು ಬಾರಿ ತೊಳೆಯಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ, ಅರ್ಧ ಪಾಲು ಸುಟ್ಟ ಭತ್ತದ ಹೊಟ್ಟು, ಒಂದು ಹಿಡಿ ಬೇವಿನ ಹಿಂಡಿ: ಇದು ನನ್ನ ಅಳತೆ. ತುಂಬಿದ ಮೇಲೆ ಮೊದಲ ಸಲ ಮೇಲಿನಿಂದಲೇ ಚೆನ್ನಾಗಿ ನೀರು ಹಾಕಬೇಕು, ಒಣ ಬತ್ತಿ ಎಳೆಯುವುದಿಲ್ಲ. ಸಸಿಯ ಬೇರು ಕೆಳಗಿಳಿಯುವವರೆಗೆ, ಅಂದರೆ ಎರಡು ವಾರ, ಮೇಲಿನಿಂದಲೂ ಒಂದಿಷ್ಟು ಕೊಡುತ್ತಿರಬೇಕು.

ಅಕ್ಕಚ್ಚನ್ನು ಮಾತ್ರ ತೊಟ್ಟಿಗೆ ಹಾಕಬೇಡಿ, ಹುಳಿತು ನಾರುತ್ತದೆ. ಅದೇನಿದ್ದರೂ ಮೇಲೆ. ಬೋರ್‌ವೆಲ್ಲಿನ ಗಡಸು ನೀರಾದರೆ ಕೆಲವು ತಿಂಗಳಲ್ಲಿ ಮೇಲ್ಮೈಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನೀರು ಮೇಲೇರಿ ಆವಿಯಾಗುವಾಗ ಬಿಟ್ಟುಹೋದ ಲವಣ ಅದು. ಒಂದು ಒಳ್ಳೆಯ ಮಳೆಗೆ ಬಕೆಟ್ ಒಡ್ಡಿದರೆ ತೊಳೆದುಹೋಗುತ್ತದೆ.

ಸೊಳ್ಳೆಯ ವಿಷಯದಲ್ಲಿ ಸಡಿಲ ಬಿಡಲೇಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರು ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಪೈಪಿನ ಬಾಯಿಗೆ, ಹೊರಹರಿವಿನ ತೂತಿಗೆ, ಎರಡು ಬಕೆಟ್‌ಗಳ ನಡುವಿನ ಸಂದಿಗೆ ಸೊಳ್ಳೆಪರದೆಯ ತುಂಡು ಕಟ್ಟದೆ ಈ ಕುಂಡವನ್ನು ಯಾರೂ ಇಡಬಾರದು.

ಯಾವ ಗಿಡ ಒಗ್ಗುತ್ತದೆ? ಟೊಮೆಟೊ, ಬದನೆ, ಮೆಣಸಿನಕಾಯಿ, ಬಸಳೆ, ದಂಟು, ಪುದೀನ. ಕೆಸುವಂತೂ ಇದಕ್ಕೆಂದೇ ಹುಟ್ಟಿದಂತೆ ಬೆಳೆಯುತ್ತದೆ. ಒಂದೆಲಗ ಅಂಚು ದಾಟಿ ಬಕೆಟ್ಟಿನ ಹೊರಗೆ ಇಳಿಬೀಳುತ್ತದೆ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ತಂಬುಳಿ ಅದರಿಂದಲೇ. ಲೋಳೆಸರ, ಕಳ್ಳಿ ಬೇಡ, ಕೊಳೆತುಹೋಗುತ್ತವೆ. ಸೊಪ್ಪಿಗೆ ತೊಟ್ಟಿ ವಾರ ಬರುತ್ತದೆ. ಕಾಯಿ ಕಟ್ಟಿದ ಟೊಮೆಟೊ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಲೀಟರಿಗೂ ಹೆಚ್ಚು ಕುಡಿಯುತ್ತದೆ, ಹಾಗಾಗಿ ಮೂರು ದಿನಕ್ಕೊಮ್ಮೆ ನೋಡಬೇಕು.

ದೊಡ್ಡ ಕುಂಡಕ್ಕೆ, ಡ್ರಮ್ಮಿನಲ್ಲಿ ನೆಟ್ಟ ಕರಿಬೇವು ನಿಂಬೆಗೆ, ನಾನು ಚೀನಾದ ಆ ಹಳೆಯ ದಾರಿಗೇ ಮರಳಿದೆ. ಬೆಂಗಳೂರಿನ ಪಾಟರಿ ಟೌನಿನಲ್ಲಿ ಕುಂಬಾರರ ಮನೆಗಳ ಮುಂದೆ ಸಾಲಾಗಿ ಜೋಡಿಸಿದ ಗಡಿಗೆಗಳ ನಡುವೆ ನಿಂತು, ಎರಡು ಲೀಟರಿನದ್ದು, ಕಿರಿದಾದ ಕೊರಳಿನದ್ದು ಬೇಕೆಂದೆ. ಏತಕ್ಕೆಂದು ವಿಚಾರಿಸಿದ ಮುದುಕರು ನಾನು ಎತ್ತಿಕೊಂಡಿದ್ದ ನುಣುಪಾದ, ಬಣ್ಣ ಬಳಿದ ಗಡಿಗೆಯನ್ನು ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಒರಟು ಮೈಯ ಇನ್ನೊಂದನ್ನು ಕೊಟ್ಟರು. ಬಣ್ಣ ಹೊಡೆದರೆ ಮಣ್ಣು ಬೆವರುವುದಿಲ್ಲ ಎಂಬುದು ಅವರ ವಿವರಣೆ. ಮನೆಗೆ ತಂದು ನೀರು ತುಂಬಿಟ್ಟೆ. ಒಂದು ಗಂಟೆಯಲ್ಲಿ ಹೊರಮೈ ಪೂರಾ ತೇವದಿಂದ ಕಪ್ಪಾಯಿತು. ಅದನ್ನೇ ಕರಿಬೇವಿನ ಬುಡದ ಪಕ್ಕ ಕೊರಳವರೆಗೆ ಹೂತೆ. ಬಾಯಿಗೆ ಮುಚ್ಚಲು ಊರಿನ ಹಳೆ ಮನೆಯ ಮಂಗಳೂರು ಹೆಂಚಿನ ಒಂದು ಚೂರು ಸಿಕ್ಕಿತು. ವರ್ಷ ಕಳೆದು ಕುಂಡ ಬದಲಿಸುವಾಗ ಅಗೆದು ತೆಗೆದರೆ, ಗಡಿಗೆಯ ಸುತ್ತ ಬೇರುಗಳು ಬಲೆ ಹೆಣೆದಂತೆ ಅಂಟಿಕೊಂಡಿದ್ದವು. ಬಿಡಿಸಲು ಮನಸ್ಸಾಗದೆ ಗಡಿಗೆಯ ಸಮೇತ ಹೊಸ ಡ್ರಮ್ಮಿಗೆ ಇಳಿಸಿದೆ.