ಆಕಾಶದ ಮಿನಿಬಸ್ಸಿಗೆ ಸೀಟು ತುಂಬೀತೇ?

ಅಮಾಸೆಬೈಲು: ಇಲ್ಲಿನ ಪೇಟೆಯಲ್ಲಿ ಬಸ್ಸಿಗೆ ಕಾಯುವವರಿಗೆ ಒಂದು ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಗುಂಬೆ ಘಾಟಿಯಲ್ಲಿ ಓಡುವುದು ಮಿನಿಬಸ್ಸು. ಆ ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಬಸ್ಸಿನ ಬೆನ್ನು ಬಾಗುವುದಿಲ್ಲ. ಇನ್ನು ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸನ್ನು ತಂದು ಮಡಾಮಕ್ಕಿ ರೂಟಿಗೆ ಹಾಕಿದರೋ, ಅರ್ಧ ಸೀಟೂ ತುಂಬದೆ, ಡೀಸೆಲ್ ಹಣವೂ ಹುಟ್ಟದೆ ಮಾಲೀಕರು ಮೂರೇ ತಿಂಗಳಲ್ಲಿ ಪರ್ಮಿಟ್ ವಾಪಸು ಕೊಟ್ಟಾರು.

ವಿಮಾನದ ಲೆಕ್ಕವೂ ಹೀಗೆಯೇ. ಆದರೆ ವಿಮಾನ ಎಂದ ಕೂಡಲೇ ಈ ಕಡೆಯವರ ಕಣ್ಣಿಗೆ ಕಟ್ಟುವುದು ಬಜಪೆಯಿಂದ ದುಬಾಯಿಗೆ ಹಾರುವ ದೊಡ್ಡ ಬೋಯಿಂಗ್. ಸಣ್ಣ ಜೆಟ್ ಎಂದರೆ, "ಅದ್ರಲ್ಲಿ ಎಷ್ಟ್ ಜನ ಹಿಡಿತ್ ಮರಾಯ್ರೆ?" ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ಸರಿಯಾದದ್ದೇ. ಯಾವ ಊರಿಗೆ ವಿಮಾನ ಬರಬೇಕು, ಬಂದದ್ದು ನಿಲ್ಲಬೇಕೋ ಹೋಗಬೇಕೋ ಎಂಬುದೆಲ್ಲ ಆ ಒಂದು ಸಂಖ್ಯೆಯ ಮೇಲಿದೆ.

ಅಮಾಸೆಬೈಲಿಗೆ ಈಗ ವಿಮಾನ ನಿಲ್ದಾಣ ಎರಡು. ಕೆಳಗೆ ಬಜಪೆ, ಘಾಟಿಯ ಮೇಲೆ ಶಿವಮೊಗ್ಗದ ಸೋಗಾನೆ. ಎರಡಕ್ಕೂ ರಸ್ತೆಯಲ್ಲಿ ಹೆಚ್ಚು ಕಡಿಮೆ ಮೂರು ಗಂಟೆ ಹಿಡಿಯುತ್ತದೆ. ಕುವೆಂಪು ಅವರ ಹೆಸರು ಹೊತ್ತ ಸೋಗಾನೆ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಆಗಸ್ಟ್ 31ಕ್ಕೆ ಇಂಡಿಗೋ ಕಂಪನಿಯ ಎಟಿಆರ್ ಬೆಂಗಳೂರಿನಿಂದ ಬಂದಿಳಿಯಿತು. ನವೆಂಬರ್ 21ರಿಂದ ಸ್ಟಾರ್ ಏರ್ ಕಂಪನಿಯ ಎಂಬ್ರೇರ್ ಜೆಟ್ ಹೈದರಾಬಾದ್, ಗೋವಾ, ತಿರುಪತಿಗಳಿಗೆ ಶುರುವಾಯಿತು.

ಒಂದೇ ನಿಲ್ದಾಣಕ್ಕೆ ಎರಡು ಜಾತಿಯ ವಿಮಾನ ಏಕೆ? ಎಟಿಆರ್ ರೆಕ್ಕೆಯ ಮುಂದೆ ಫ್ಯಾನ್ ತಿರುಗಿಸಿಕೊಂಡು ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುವಂಥದ್ದು. ಎಣ್ಣೆ ಕಡಿಮೆ ಕುಡಿಯುತ್ತದೆ. ಜೆಟ್ಟಿನ ವೇಗ 800ರ ಮೇಲೆ, ಹಸಿವೂ ಹೆಚ್ಚು. ಬೆಂಗಳೂರಿನಂಥ ಹತ್ತಿರದ ಊರಿಗೆ ಜೆಟ್ ಮೇಲೇರಿ ಸರಿಯಾಗಿ ಓಟ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ, ಉಳಿಯುವುದು ನಾಲ್ಕಾರು ನಿಮಿಷ. ದೂರ ಹೆಚ್ಚಿದಷ್ಟೂ ಜೆಟ್ಟಿಗೆ ಲಾಭ.

ಬ್ರೆಜಿಲ್‌ನ ಗಾಡಿ

ಎಂಬ್ರೇರ್ ಬ್ರೆಜಿಲ್ ದೇಶದ ಕಂಪನಿ, 1969ರಲ್ಲಿ ಸರಕಾರವೇ ಕಟ್ಟಿದ್ದು. 30 ಸೀಟಿನ ಬ್ರಸೀಲಿಯಾ ಎಂಬ ಫ್ಯಾನಿನ ವಿಮಾನ ಮಾಡಿ ಹೆಸರು ಪಡೆದಿತ್ತು. 1989ರಲ್ಲಿ ಅದನ್ನೇ ಉದ್ದ ಎಳೆದು ಜೆಟ್ ಎಂಜಿನ್ ಕೂರಿಸುವ ಯೋಚನೆ ಬಂತು. ಎಂಜಿನನ್ನು ಮೊದಲು ರೆಕ್ಕೆಯ ಮೇಲಿಟ್ಟರು, ಆಮೇಲೆ ರೆಕ್ಕೆಯ ಕೆಳಗೆ. ಕೆಳಗಿಟ್ಟರೆ ನೆಲಕ್ಕೆ ತಾಗದಂತೆ ಚಕ್ರದ ಕಾಲನ್ನು ಉದ್ದ ಮಾಡಬೇಕು, ಕಾಲು ಉದ್ದವಾದರೆ ತೂಕ. ಕಡೆಗೆ ಬಾಲದ ಪಕ್ಕಕ್ಕೆ ತಂದು ಅಂಟಿಸಿದರು. ಅಷ್ಟರಲ್ಲಿ ಕಂಪನಿಯ ಹಣದ ಪೆಟ್ಟಿಗೆ ಬರಿದಾಗಿ, 1994ರ ಡಿಸೆಂಬರಿನಲ್ಲಿ ಅದು ಖಾಸಗಿಯವರ ಕೈಗೆ ಹೋಯಿತು. 1995ರ ಆಗಸ್ಟ್ 11ರಂದು ಇಆರ್‌ಜೆ–145 ಕೊನೆಗೂ ಹಾರಿತು. ಮುಂದೆ ಆ ಮನೆತನದ ವಿಮಾನಗಳು ಸಾವಿರಕ್ಕೂ ಮೀರಿ ಬಂದವು.

ಒಳಗೆ ಹೊಕ್ಕರೆ ಎಡಕ್ಕೆ ಒಂದು ಸೀಟು, ಬಲಕ್ಕೆ ಎರಡು, ಒಟ್ಟು 50. ಇಬ್ಬರ ನಡುವೆ ಸಿಕ್ಕಿ ಒದ್ದಾಡುವ ಸೀಟೇ ಇಲ್ಲ. ಮಾಡಿನ ಎತ್ತರ ಆರಡಿಗೆ ಸ್ವಲ್ಪ ಕಮ್ಮಿ. ಉದ್ದ ಆಳಾದರೆ ಎದ್ದು ನಿಲ್ಲುವಾಗ ತಲೆ ಜೋಪಾನ. ಕಾಲು ಗಿಡ್ಡ ಇಟ್ಟದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಬಾಗಿಲು ತೆರೆದರೆ ಅದರಲ್ಲೇ ಮೆಟ್ಟಿಲುಗಳಿವೆ. ಏಣಿ ಗಾಡಿ, ಅದನ್ನು ತಳ್ಳುವ ಆಳು ಎರಡೂ ಇಲ್ಲದ ಸಣ್ಣ ಊರಿನ ನಿಲ್ದಾಣಕ್ಕೆ ಇಂಥದ್ದೇ ಬೇಕು.

ಸ್ಟಾರ್ ಏರ್ 2019ರ ಜನವರಿಯಲ್ಲಿ ಆರಂಭವಾದದ್ದು ಈ 50 ಸೀಟಿನ ವಿಮಾನದಿಂದಲೇ. ಅದೇ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ತೆರೆದಾಗ ಬೆಂಗಳೂರಿನಿಂದ ಬಂದಿಳಿದದ್ದೂ ಇದೇ ಕಂಪನಿಯದು. ರೈಲಿನಲ್ಲಿ ಇಡೀ ರಾತ್ರಿ ಕಳೆಯುತ್ತಿದ್ದ ದಾರಿ ಒಂದು ಗಂಟೆಯ ಆಸುಪಾಸಿಗೆ ಇಳಿಯಿತು. 2023ರಲ್ಲಿ ದೊಡ್ಡಣ್ಣ ಇ–175 ಬಂತು: ಎರಡೆರಡರ ಸಾಲು, ಎಂಜಿನ್ ರೆಕ್ಕೆಯ ಕೆಳಗೆ, ಸೀಟು 76.

ಈ 50, 76 ಎಂಬ ಸಂಖ್ಯೆಗಳಿಗೂ ಒಂದು ಕಥೆಯಿದೆ. ಅಮೆರಿಕದ ದೊಡ್ಡ ಕಂಪನಿಗಳ ಪೈಲಟ್ ಸಂಘಗಳು, ಸಣ್ಣ ಕಂಪನಿಗಳಿಗೆ ಕೆಲಸ ವಹಿಸಿ ತಮ್ಮ ಅನ್ನ ಕಸಿಯಬಾರದೆಂದು ಕರಾರು ಬರೆಸಿಕೊಂಡವು. ಸಣ್ಣವರ ವಿಮಾನದಲ್ಲಿ ಇಂತಿಷ್ಟೇ ಸೀಟು, ಅದಕ್ಕೆ ಮೀರಿದರೆ ನಮ್ಮದು ಎಂದು. ಆ ಗೆರೆ ಮೊದಲು 50ರಲ್ಲಿತ್ತು, ಆಮೇಲೆ 76ಕ್ಕೆ ಬಂತು. ಇ–175ರಲ್ಲಿ 88 ಸೀಟಿನ ತನಕ ಹಾಕಬಹುದಾದರೂ ಅಲ್ಲಿ 76ಕ್ಕೇ ನಿಲ್ಲಿಸುತ್ತಾರೆ. ಅಮೆರಿಕವೇ ದೊಡ್ಡ ಗಿರಾಕಿ ಆದದ್ದರಿಂದ ಬ್ರೆಜಿಲ್‌ನ ಕಾರ್ಖಾನೆ ಅಲ್ಲಿನ ಕರಾರಿನ ಅಳತೆಗೇ ಅಂಗಿ ಹೊಲಿಯಿತು.

ಲೆಕ್ಕ ತಪ್ಪುವುದೆಲ್ಲಿ?

ಒಂದು ಊರಿನಿಂದ ದಿನಕ್ಕೆ 60 ಜನ ಹೋಗುವವರಿದ್ದಾರೆ ಎನ್ನಿ. 180 ಸೀಟಿನ ವಿಮಾನ ತಂದರೆ ಮೂರರಲ್ಲಿ ಎರಡು ಪಾಲು ಖಾಲಿ. 76ರದ್ದಾದರೆ ಹದಿನಾರು ಸೀಟು ಮಾತ್ರ ಖಾಲಿ. ಇಲ್ಲಿಯವರೆಗೆ ಸಣ್ಣದೇ ಜಾಣ. ಆದರೆ ಮಿನಿಬಸ್ಸಿಗೂ ಡ್ರೈವರ್ ಒಬ್ಬರು, ದೊಡ್ಡ ಬಸ್ಸಿಗೂ ಒಬ್ಬರೇ. 50 ಸೀಟಿಗೂ ಪೈಲಟ್ ಇಬ್ಬರು, 180ಕ್ಕೂ ಇಬ್ಬರು. ಸೀಟು ಅರ್ಧವಾದರೆ ಎಣ್ಣೆ ಅರ್ಧವಾಗುವುದಿಲ್ಲ. ತಲೆಗೆ ಬೀಳುವ ಖರ್ಚು ಸಣ್ಣ ವಿಮಾನದಲ್ಲೇ ಜಾಸ್ತಿ. 2008ರಲ್ಲಿ ಎಣ್ಣೆ ದರ ಮುಗಿಲಿಗೇರಿದಾಗ ಅಮೆರಿಕದಲ್ಲಿ 50 ಸೀಟಿನ ಜೆಟ್ಟುಗಳನ್ನು ಸಾಲುಸಾಲಾಗಿ ಮೂಲೆಗೆ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಈ ಗುಂಡಿ ತುಂಬಲು ಕೇಂದ್ರ ಸರಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳನ್ನು ಆರಂಭದ ದರದಂತೆ 2,500 ರೂಪಾಯಿಗೆ ಕೊಡಬೇಕು, ಕಂಪನಿಗೆ ಬೀಳುವ ಕೊರತೆಯನ್ನು ಸರಕಾರ ತುಂಬಿಕೊಡುತ್ತದೆ. ಅದೂ ಮೂರು ವರ್ಷದ ಮಟ್ಟಿಗೆ. ಆಮೇಲೆ? ಆ ಪ್ರಶ್ನೆಯ ಹತ್ತಿರ ಬಂದಾಗ ಭಾಷಣಗಳೆಲ್ಲ ಮೆಲ್ಲಗಾಗುತ್ತವೆ. ಬೀದರ್‌ನವರನ್ನು ಕೇಳಬೇಕು. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು. ಆ ಕಂಪನಿಯೇ ಮುಳುಗಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ಓಡಿದ ಟ್ರಿಪ್ಪಿಗಿಂತ ಕ್ಯಾನ್ಸಲ್ ಆದ ಟ್ರಿಪ್ಪೇ ನೆನಪಿನಲ್ಲುಳಿಯುವ ಬಸ್ಸುಗಳು ಈ ಕಡೆಯೂ ಇವೆ, ಅಂಗಡಿಯವರಿಗೆ ಬಿಡಿಸಿ ಹೇಳುವುದು ಬೇಡ.

ಸಣ್ಣ ವಿಮಾನ ಈ ಜಿಲ್ಲೆಗಳಿಗೆ ಹೊಸತೂ ಅಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಬಜಪೆಗೆ ಬಂದಿಳಿದದ್ದು ಡಕೋಟಾದಲ್ಲಿ. ಆಮೇಲಿನ ಆವ್ರೊ ವಿಮಾನಗಳನ್ನು ಎಚ್‌ಎಎಲ್ ಕಾನ್ಪುರದಲ್ಲೇ ಕಟ್ಟುತ್ತಿತ್ತು. 1981ರ ಆಗಸ್ಟ್ 19ರ ಮಳೆಗಾಲದಲ್ಲಿ ಅಂಥ ಒಂದು ಆವ್ರೊ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಅಂಚಿನಾಚೆ ಹೋಗಿ ನಿಂತಿತು. ವೀರಪ್ಪ ಮೊಯಿಲಿ ಅದರಲ್ಲಿದ್ದರು. ಯಾರ ಜೀವವೂ ಹೋಗಲಿಲ್ಲ, ವಿಮಾನ ಮಾತ್ರ ಗುಜರಿ ಪಾಲಾಯಿತು. 1988ಕ್ಕೆ ಆವ್ರೊ ತಯಾರಿಕೆಯೂ ನಿಂತಿತು.

ಈಗ ಅದೇ ಎಚ್‌ಎಎಲ್ ಮತ್ತೆ ಕೈಹಾಕಿದೆ. 2025ರ ಅಕ್ಟೋಬರ್ 27ರಂದು ಮಾಸ್ಕೋದಲ್ಲಿ ರಷ್ಯದ ಕಂಪನಿಯ ಜೊತೆ ಎಸ್‌ಜೆ–100 ಎಂಬ ಸುಮಾರು ನೂರು ಸೀಟಿನ ಜೆಟ್ಟನ್ನು ಇಲ್ಲಿ ತಯಾರಿಸುವ ಒಡಂಬಡಿಕೆಗೆ ಸಹಿ ಬಿತ್ತು. ಈ ತರಹದ ಜೆಟ್ ದೇಶಕ್ಕೆ ಇನ್ನೂರಕ್ಕೂ ಹೆಚ್ಚು ಬೇಕಾದೀತೆಂದು ಎಚ್‌ಎಎಲ್ ಲೆಕ್ಕ. ಸಂತೋಷವೇ. ಆದರೆ ಮೆಕ್ಸಿಕೊದ ಇಂಟರ್‌ಜೆಟ್ ಕಂಪನಿ ಇದೇ ಜೆಟ್ಟುಗಳನ್ನು 22 ತಗೊಂಡು, ಬಿಡಿಭಾಗ ಸಿಗದೆ ಒಂದೊಂದಾಗಿ ಮೂಲೆಗೆ ನಿಲ್ಲಿಸಬೇಕಾಯಿತು. 2022ರ ಯುದ್ಧದ ನಂತರ ಅದರ ಅರ್ಧ ಫ್ರೆಂಚ್ ಎಂಜಿನ್ನಿಗೂ ತಡೆ ಬಿದ್ದು, ರಷ್ಯದವರು ಪಿಡಿ–8 ಎಂಬ ತಮ್ಮದೇ ಎಂಜಿನ್ ಕೂರಿಸುವ ಕೆಲಸಕ್ಕೆ ಇಳಿದರು. ಗಾಡಿ ಕೊಳ್ಳುವ ಮೊದಲು ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆಂದು ಸಿದ್ದಾಪುರ ಪೇಟೆಯಲ್ಲಿ ಆಟೋ ಕೊಳ್ಳುವವರೂ ಕೇಳುತ್ತಾರೆ.

ಇತ್ತ ಬೈಂದೂರಿನಲ್ಲೂ ಒಂದು ವಿಮಾನ ನಿಲ್ದಾಣ ಬೇಕೆಂಬ ಮಾತು ಆಗಾಗ ಏಳುತ್ತದೆ. ಕೊಲ್ಲೂರಿನ ಭಕ್ತರಿದ್ದಾರೆ, ಊರು ಬಿಟ್ಟು ಬೆಂಗಳೂರು, ಮುಂಬಯಿಯಲ್ಲಿ ಹೋಟೆಲು ಇಟ್ಟವರಿದ್ದಾರೆ, ಜನ ಇಲ್ಲ ಎನ್ನುವಂತಿಲ್ಲ. ಆದರೆ ಅವರು ಜಾತ್ರೆಗೆ, ಮದುವೆಗೆ, ಏಪ್ರಿಲ್–ಮೇ ರಜೆಗೆ ಒಟ್ಟಿಗೇ ಬರುವವರು. ಆಟಿಯ ಮಳೆಯಲ್ಲಿ, ಮಂಗಳವಾರ ಬೆಳಿಗ್ಗೆ 76 ಸೀಟಿಗೆ ಯಾರು ಏರುತ್ತಾರೆಂಬ ಲೆಕ್ಕವನ್ನು ನಿಲ್ದಾಣ ಕೇಳುವವರು ಮೊದಲು ಹಾಕಬೇಕು. ರನ್‌ವೇ ಕಟ್ಟಲು ಸರಕಾರಕ್ಕೆ ಒಮ್ಮೆ ಹಣ ಸಾಕು, ಸೀಟನ್ನು ಮಾತ್ರ ದಿನಾಲೂ ತುಂಬಬೇಕು.

ಅಲ್ಲಿಯ ತನಕ ಅಮಾಸೆಬೈಲಿನವರಿಗೆ ತಿರುಪತಿಯೋ ಹೈದರಾಬಾದೋ ಎಂದರೆ ಸೋಗಾನೆ, ಗಲ್ಫ್ ಎಂದರೆ ಬಜಪೆ. ಸೋಗಾನೆಯಿಂದ ಟಿಕೆಟ್ ಮಾಡಿಸುವವರು ಎರಡು ವಿಚಾರಿಸಿಕೊಳ್ಳುವುದು ಒಳ್ಳೆಯದು: ಆ ವಾರ ಆ ವಿಮಾನ ಇದೆಯೋ, ಮಳೆಗಾಲವಾದರೆ ಆಗುಂಬೆ, ಬಾಳೆಬರೆ ಘಾಟಿಗಳಲ್ಲಿ ಯಾವುದು ತೆರೆದಿದೆ.