ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

ಎರಡು ತಿಂಗಳು ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಹಳೆಯ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ಇದೆ ಎನ್ನಿ. ಕೀ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಪ್ಲಗ್ ಬದಲಿಸಿ, ಕಾಯಿಲ್ ಹೋಗಿರಬೇಕು, ಕಾರ್ಬುರೇಟರ್ ಬಿಚ್ಚಿಸಿ ಎಂದು ಸುತ್ತ ನಿಂತವರು ತಲೆಗೊಂದು ಮಾತು ಹೇಳುತ್ತಾರೆ. ಅದರಲ್ಲಿ ಯಾವುದಾದರೂ ಒಂದು ನಿಜವೂ ಆಗಬಹುದು. ಆದರೆ ಅವರೆಲ್ಲ ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಟ್ಟಿದ್ದಾರೆ. ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರು: ಒತ್ತಡ, ಉರಿಯಬಲ್ಲ ಆವಿ, ಸರಿಯಾದ ಹೊತ್ತಿಗೆ ಒಂದು ಕಿಡಿ. ಹೊಸ ಸಾಮಾನಿಗೆ ದುಡ್ಡು ಹಾಕುವ ಮುಂಚೆ ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಎಂಜಿನ್ನಿನಿಂದಲೇ ಹೇಳಿಸಬಹುದು, ಅದೂ ಬಹುಮಟ್ಟಿಗೆ ಕಿವಿ, ಕಣ್ಣು, ಮೂಗಿನಿಂದ.

ಮೊದಲ ಸಾಕ್ಷಿ ಸದ್ದು. ಈ ಎರಡೂ ಕಾರುಗಳದ್ದು ನಾಲ್ಕು ಸಿಲಿಂಡರಿನ ಎಂಜಿನ್. ಹಳೆಯ ಅಂಬಾಸಿಡರಿನದು 1489 ಸಿಸಿ, ಪದ್ಮಿನಿಯದು 1089 ಸಿಸಿ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಸಿಲಿಂಡರುಗಳು ಗಾಳಿಯನ್ನು ಅದುಮುತ್ತವೆ. ಪ್ರತಿ ಸಲ ಅದುಮುವಾಗಲೂ ಸ್ಟಾರ್ಟರ್ ಮೋಟರು ಒಂದಿಷ್ಟು ಮುಕ್ಕರಿಯುತ್ತದೆ. ನಿಮಿಷಕ್ಕೆ 180 ಸುತ್ತಾದರೆ ಸೆಕೆಂಡಿಗೆ ಆರು ಏದುಸಿರು. ಈ ಲಯ ಸಮವಾಗಿ ಕೇಳಿಸಿದರೆ ಒತ್ತಡಕ್ಕೆ ಹೆಚ್ಚಿನ ತೊಂದರೆಯಿಲ್ಲ. ಏರಿಳಿತವೇ ಇಲ್ಲದೆ ಹೊಲಿಗೆ ಯಂತ್ರದಂತೆ ಸಲೀಸಾಗಿ, ಎಂದಿಗಿಂತ ವೇಗವಾಗಿ ತಿರುಗಿದರೆ ಟೈಮಿಂಗ್ ಚೈನಿನ ಮೇಲೆ ಗುಮಾನಿ ಪಡಬೇಕು. ಅದನ್ನು ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಒಳಗಿನ ರೋಟರ್ ತಿರುಗುತ್ತದೆಯೇ ನೋಡಿದರೆ ಸಾಕು. ರೋಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್, ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಆ ಚೈನು.

ಲಯ ಸರಿಯಿದ್ದರೆ ಉಳಿದವು ಆವಿ ಮತ್ತು ಕಿಡಿ. ಹತ್ತು ಸೆಕೆಂಡು ಸೆಲ್ಫ್ ಹೊಡೆದು ಒಂದು ಪ್ಲಗ್ ಬಿಚ್ಚಿ ನೋಡಿದರೆ ಇವೆರಡೂ ಬೇರೆಯಾಗುತ್ತವೆ. ತುದಿ ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ: ತಿಂಗಳುಗಟ್ಟಲೆ ನಿಂತ ಕಾರ್ಬುರೇಟರಿನ ಬಟ್ಟಲು ಆರಿ ಬರಿದಾಗಿರಬಹುದು, ಪಂಪಿನ ಡಯಾಫ್ರಾಮ್ ಹರಿದಿರಬಹುದು, ಜೆಟ್ಟಿನಲ್ಲಿ ಕಸ ಕೂತಿರಬಹುದು. ಒದ್ದೆಯಾಗಿದ್ದರೆ ಕಿಡಿಯ ಕಡೆ ಹೋಗಬೇಕು, ಆದರೆ ಪ್ಲಗ್ಗನ್ನು ಮೂಸಿ ನೋಡಿದ ಮೇಲೆ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಆವಿ. ಬೇಗ ಆವಿಯಾಗುವ ಹಗುರ ಅಂಶಗಳೆಲ್ಲ ನಿಂತಲ್ಲೇ ಹಾರಿಹೋದ ಹಳೆಯ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತದೆ. ಪ್ಲಗ್ಗನ್ನು ತೋಯಿಸುತ್ತದೆ, ಬೆಂಕಿ ಹಿಡಿಯುವುದಿಲ್ಲ. ಈಗ ಪೆಟ್ರೋಲಿನಲ್ಲಿ ಬೆರೆತು ಬರುವ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ. ಮಡಿಕೇರಿಯ ಚಳಿಯ ಮುಂಜಾವಿನಲ್ಲಿ ಚೋಕ್ ಎಳೆಯದೆ ಹಟ ಮಾಡುವ ಕಾರಿಗೆ ಇದೂ ಒಂದು ಕಾರಣ. ಚೋಕ್ ಎಳೆದು ಎಳೆದು ಓವರ್‌ಫ್ಲೋ ಆಗಿದ್ದರೂ ಪ್ಲಗ್ ಒದ್ದೆಯೇ ಇರುತ್ತದೆ, ನಿಜ. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ನುಗ್ಗಿ ಆರುತ್ತದೆ.

ಕಿಡಿಯ ಪರೀಕ್ಷೆಯಲ್ಲಿ ಅನುಭವಿಗಳೂ ಎಡವುತ್ತಾರೆ. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆದಾಗ ಕಿಡಿ ಕಂಡರೆ ‘ಕರೆಂಟ್ ಬರ್ತಿದೆ’ ಎಂದು ಅಲ್ಲಿಗೇ ಮುಗಿಸುತ್ತಾರೆ. ಆದರೆ ಅನಿಲದ ಒತ್ತಡ ಹೆಚ್ಚಿದಂತೆ ಅದೇ ಅಂತರ ದಾಟಲು ಹೆಚ್ಚು ವೋಲ್ಟ್ ಬೇಕೆಂದು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ತೋರಿಸಿದ್ದ. ಬಯಲು ಗಾಳಿಯಲ್ಲಿ ಅರ್ಧ ಮಿಲಿಮೀಟರಿನ ಸಂದಿಗೆ ಎರಡು ಮೂರು ಸಾವಿರ ವೋಲ್ಟ್ ಸಾಕು. ಅದುಮಿದ ಗಾಳಿಯೊಳಗೆ ಅದರ ಹಲವು ಪಟ್ಟು ಬೇಕು. ಹೊರಗೆ ಹಾರಿದ ಕೆಂಪು, ನವೆದ ಕಿಡಿ ಒಳಗೆ ಹುಟ್ಟದೇ ಇರಬಹುದು. ಐದಾರು ಮಿಲಿಮೀಟರ್ ಸಂದಿಯನ್ನು ನೀಲಿಯಾಗಿ, ಚಟಚಟ ಸದ್ದಿನೊಂದಿಗೆ ದಾಟಿದ ಕಿಡಿಯನ್ನಷ್ಟೇ ನಂಬಬೇಕು. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಕಿಡಿ ಸೊರಗಿದ್ದರೆ ಮೊದಲು ನೋಡಬೇಕಾದದ್ದು ಪಾಯಿಂಟ್. ಆ ಎರಡು ಪುಟ್ಟ ಲೋಹದ ಬಿಲ್ಲೆಗಳ ನಡುವಿನ ಸಂದಿ ಅರ್ಧ ಮಿಲಿಮೀಟರಿನ ಆಸುಪಾಸು. ನಿಂತ ಕಾರಿನಲ್ಲಿ ಅವುಗಳ ಮೈಮೇಲೆ ಕಿಲುಬಿನ ಪೊರೆ ಬೆಳೆದರೆ ಕಾಯಿಲಿಗೆ ಕರೆಂಟೇ ಹೋಗದು. ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದರೆ ಆಯಿತು. ಕರಾವಳಿಯ ಮಳೆಗಾಲದಲ್ಲಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಮೈಯ ತೇವವನ್ನು ಒಣಬಟ್ಟೆಯಲ್ಲಿ ಒರೆಸುವುದೇ ಮೊದಲ ಔಷಧ.

ಇಷ್ಟೆಲ್ಲ ಯಾಕೆ, ಒಳ್ಳೆಯ ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತಾನೆ. ಸದ್ದು ಕೇಳಿ, ವಾಸನೆ ಹಿಡಿದು, ಈ ಮೆಟ್ಟಿಲುಗಳನ್ನೇ ಅವನು ಒಂದೇ ನೆಗೆತಕ್ಕೆ ಹತ್ತಿರುತ್ತಾನೆ. ಪಾಯಿಂಟ್, ಕಂಡೆನ್ಸರ್, ಪ್ಲಗ್ ಅಗ್ಗದವು, ಒಟ್ಟಿಗೇ ಬದಲಿಸಿದರೇನು ಎಂಬ ವಾದವೂ ಇದೆ. ಗಾಡಿ ಸ್ಟಾರ್ಟ್ ಆದರೆ ಸರಿ. ಆಗದಿದ್ದರೆ, ಹಾಕಿದ ಹೊಸ ಕಂಡೆನ್ಸರೇ ಕೆಟ್ಟದ್ದೋ ಮೊದಲಿನ ದೋಷವೇ ಉಳಿದಿದೆಯೋ ತಿಳಿಯದೆ ಒಂದು ಒಗಟು ಎರಡಾಗುತ್ತದೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಂಜಿನ್ ತಿರುಗುತ್ತಿದೆ ಎಂದಮೇಲೆ ಬ್ಯಾಟರಿ ನಿರಪರಾಧಿ ಎಂದು ನಾವೆಲ್ಲ ಒಪ್ಪಿಕೊಂಡುಬಿಡುತ್ತೇವೆ. ಅದು ಪೂರ್ತಿ ನಿಜವಲ್ಲ. ಬಳಲಿದ ಬ್ಯಾಟರಿ ಸ್ಟಾರ್ಟರ್ ಎಳೆಯುವಾಗ 12 ವೋಲ್ಟಿನಿಂದ 8ಕ್ಕೆ ಕುಸಿಯಿತೆನ್ನಿ. ಕಾಯಿಲಿನ ಕರೆಂಟ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಒಂಬತ್ತರಲ್ಲಿ ನಾಲ್ಕು ಪಾಲಾಗುತ್ತದೆ, ಅಂದರೆ ಅರ್ಧಕ್ಕೂ ಕಡಿಮೆ. ಎಂಜಿನ್ ತಿರುಗಲು ಸಾಕಾದದ್ದು ಕಿಡಿಗೆ ಸಾಲುವುದಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಇಂಥ ಗಾಡಿ ಗುಡುಗುಟ್ಟಿ ಎದ್ದುಬಿಡುವುದು ಇದಕ್ಕೇ. ಆಗ ತಿರುಗಿಸುವ ಕೆಲಸ ತಳ್ಳುವವರ ತೋಳಿನದು, ಬ್ಯಾಟರಿ ಕಾಯಿಲೊಂದನ್ನೇ ನೋಡಿಕೊಂಡರಾಯಿತು. ಸೆಲ್ಫಿಗೆ ಬಾರದೆ ತಳ್ಳಿದರೆ ಬರುವ ಗಾಡಿಯ ಕಾರ್ಬುರೇಟರಿಗೆ ಕೈ ಹಾಕುವ ಮುಂಚೆ ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಕೆರೆದು ನೋಡಬೇಕು.